ರಾಹುಕಾಲದಲ್ಲಿ ಒತ್ತಿ ನೋಡಿದ ಕೀಬೋರ್ಡ್

ನಮ್ಮ ಮನೆಯವರು ತುದಿ ಮುರಿದು ನೋಡದೆ ಬೆಂಡೆಕಾಯಿ ಕೊಂಡವರಲ್ಲ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೆರಳಿನಿಂದ ಕುಟ್ಟಿ, ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವವರು. ಹಲಸೂರು ಮಾರ್ಕೆಟ್ಟಿನಲ್ಲಿ ನಮ್ಮ ದೊಡ್ಡಮ್ಮ ಬದನೆಕಾಯಿ ಒತ್ತುವುದನ್ನು ನೋಡಲಾರದೆ ಅಂಗಡಿಯವಳು, ‘ಅಕ್ಕಾ, ಇನ್ನೂ ಒತ್ತಿದ್ರೆ ಇಲ್ಲೇ ಎಣ್ಗಾಯಿ ಆಗೋಗುತ್ತೆ’ ಎಂದಿದ್ದಳು. ಇಂಥ ಜನ ತಮ್ಮ ಮನೆಯ ಹುಡುಗಿಯ ಬದುಕೇ ಯಾವುದರ ಮೇಲೆ ನಿಂತಿತ್ತೋ ಆ ಸಂಗೀತದ ಕೀಬೋರ್ಡನ್ನು ಒಂದೇ ಒಂದು ಕೀ ಒತ್ತಿ ನೋಡದೆ ಮನೆಗೆ ತಂದರು. ಆ ಹುಡುಗಿ ನಾನು. ಇಷ್ಟು ವರ್ಷವಾದರೂ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ. ಮರೆತುಬಿಡು ಎನ್ನುವವರಿದ್ದಾರೆ. ಯಾಕೆ ಮರೆಯಬೇಕು?

ನಾವಿದ್ದದ್ದು ಹಲಸೂರಿನಲ್ಲಿ, ಕೆರೆಯ ಹಿಂದಿನ ಬೀದಿಯಲ್ಲಿ. ಒಂದೇ ಕಾಂಪೌಂಡಿನೊಳಗೆ ಎರಡು ಮನೆ, ಒಂದು ದೊಡ್ಡಪ್ಪನದು, ಒಂದು ನಮ್ಮದು. ಅಜ್ಜಿ ಎರಡೂ ಮನೆಗೆ ಸೇರಿದವಳು. ಬೆಳಗಿನ ಕಾಫಿ ಅಲ್ಲಿ, ರಾತ್ರಿಯ ಮುದ್ದೆ ಇಲ್ಲಿ. ತಾತನ ಕಾಲದಲ್ಲಿ ಬೈಯಪ್ಪನಹಳ್ಳಿಯ ಕಡೆ ಸೊಪ್ಪು ಬೆಳೆಯುತ್ತಿದ್ದ ಜಮೀನಿನಲ್ಲಿ ಆಗಲೇ ಸಾಲಾಗಿ ಬಾಡಿಗೆ ಮನೆಗಳು ಎದ್ದಿದ್ದವು. ಅದರ ವ್ಯವಹಾರವೆಲ್ಲ ದೊಡ್ಡಪ್ಪನ ಕೈಯಲ್ಲಿತ್ತು. ಅಪ್ಪ ಫ್ಯಾಕ್ಟರಿಯ ಶಿಫ್ಟಿಗೆ ಹೋಗಿ ಬಂದು ಮಲಗುವ ಮನುಷ್ಯ. ಏನು ಕೇಳಿದರೂ ‘ಅಣ್ಣ ಇದ್ದಾನಲ್ಲ’ ಎಂಬುದೇ ಅವರ ಉತ್ತರ. ಅಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು.

ಕಾಕ್ಸ್ ಟೌನಿನಲ್ಲಿ ಒಬ್ಬ ಆಂಗ್ಲೋ-ಇಂಡಿಯನ್ ಟೀಚರ್ ಇದ್ದರು. ಫ್ರಾಕ್ ಹೊಲಿಸಲು ಅಮ್ಮನನ್ನೇ ಕರೆಯುತ್ತಿದ್ದರು. ನಾವು ಅವರನ್ನು ಮಿಸ್ ಎಂದೇ ಕರೆಯುತ್ತಿದ್ದೆವು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಅಮ್ಮ ಅವರ ಅಳತೆ ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಅವರ ಹಾಲಿನಲ್ಲಿದ್ದ ಪಿಯಾನೋದ ಒಂದು ಕೀ ಒತ್ತಿಬಿಟ್ಟೆ. ಬೈಯುತ್ತಾರೆಂದು ಕೈ ಹಿಂದಕ್ಕೆ ಎಳೆದುಕೊಂಡರೆ ಮಿಸ್ ಒಳಗಿನಿಂದಲೇ, ‘ಶನಿವಾರ ಬಾ, ಚೈಲ್ಡ್’ ಎಂದರು. ಆ ಶನಿವಾರದಿಂದ, ಡಿಗ್ರಿ ಮುಗಿದ ಮೇಲೂ, ನಾನು ಅವರ ಮನೆಗೆ ಹೋಗುವುದನ್ನು ಬಿಡಲಿಲ್ಲ. ‘ಬೆರಳಲ್ಲಿ ಹೊಡೀಬೇಡ. ತೋಳಿನ ಭಾರ ಬಿಡು, ಅಷ್ಟೇ. ಎಷ್ಟು ಬಿಡ್ತೀಯ, ಅಷ್ಟು ಸೌಂಡು’ ಎನ್ನುವುದು ಅವರ ಪಾಠ. ಪಿಯಾನೋದಲ್ಲಿ ಅದೇ ಗುಟ್ಟು. ಮೆಲ್ಲಗೆ ಒತ್ತಿದರೆ ಪಿಸುಗುಟ್ಟುತ್ತದೆ, ಭಾರ ಹಾಕಿದರೆ ಕೂಗುತ್ತದೆ. ನನ್ನ ಹತ್ತು ಬೆರಳಿಗೆ ಅದು ಅಭ್ಯಾಸವಾಗಲು ವರ್ಷಗಳೇ ಹಿಡಿದವು.

ನಾನು ಡಿಗ್ರಿ ಮುಗಿಸಿದ ಮರುವರ್ಷ ಮಿಸ್ ಆಸ್ಟ್ರೇಲಿಯಾದ ಮಗಳ ಮನೆಗೆ ಹೊರಟು ನಿಂತರು. ಪಿಯಾನೋ ಮಾರಾಟವಾಯಿತು. ಇಂದಿರಾನಗರದ ಶಾಲೆಯೊಂದರಲ್ಲಿ ಅವರು ಮಾಡುತ್ತಿದ್ದ ಸಂಗೀತದ ಟೀಚರ್ ಕೆಲಸ ಖಾಲಿಯಾಯಿತು. ಆ ಕೆಲಸಕ್ಕೆ ನನ್ನ ಹೆಸರು ಹೇಳಿದವರು ಅವರೇ. ‘ಹೇಳಿದೀನಿ, ಆದ್ರೆ ಅವರು ಬಾರಿಸೋದು ಕೇಳ್ದೆ ತಗೊಳ್ಳಲ್ಲ. ಸ್ಕೂಲ್ ಶುರು ಆಗೋಕೆ ಮುಂಚೆ, ಮೇ ಕೊನೇಲಿ ಕರೀತಾರೆ. ಅಲ್ಲೀತನಕ ಬೆರಳು ಸಾಯೋಕೆ ಬಿಡಬೇಡ’ ಎಂದರು. ಇನ್ನೊಂದು ಕಡೆ, ಜೂನಿನ ಹೊತ್ತಿಗೆ ಕೆಲಸ ಸಿಗದಿದ್ದರೆ ಗಂಡು ನೋಡುವುದೆಂದು ದೊಡ್ಡಪ್ಪ ಆಗಲೇ ತೀರ್ಮಾನ ಮಾಡಿ ಅಪ್ಪನಿಂದ ‘ಹ್ಞೂಂ’ ಅನ್ನಿಸಿಕೊಂಡಿದ್ದರು. ಆಗ ಮಾರ್ಚ್ ತಿಂಗಳು. ಪಿಯಾನೋ ಕೊಳ್ಳುವ ಮಾತೇ ಇರಲಿಲ್ಲ. ಕೊಂಡರೂ ಇಡಲು ಜಾಗವಿರಲಿಲ್ಲ. ನಮ್ಮ ಕೈಗೆಟುಕುವ ಬೆಲೆಯ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಬೇಕಿತ್ತು. ಆದರೆ ಅದರಲ್ಲಿ ಒತ್ತಡಕ್ಕೆ ತಕ್ಕಂತೆ ದನಿ ಏರಿಳಿಯಬೇಕು. ಅಂಗಡಿಗಳಲ್ಲಿ ಅದಕ್ಕೆ ‘ಟಚ್’ ಎನ್ನುತ್ತಿದ್ದರು. ನನಗೆ ಬೇಕಾಗಿದ್ದದ್ದು ಅದೊಂದೇ.

ಅಮ್ಮ ಒಪ್ಪಿದಳು, ಅಪ್ಪ ಎಂದಿನಂತೆ ಅಣ್ಣನ ಕಡೆ ಕೈ ತೋರಿಸಿದರು. ಅಲ್ಲಿಂದ ಶುರುವಾಯಿತು ನೋಡಿ.

ನಮ್ಮ ದೊಡ್ಡಪ್ಪನಿಗೆ ಕೈಗುಣ ಇದೆ ಎಂಬುದು ಇಡೀ ಬಳಗದ ನಂಬಿಕೆ. ಅವರು ಮುಟ್ಟಿ ತಂದ ಸಾಮಾನು ಕೆಡುವುದಿಲ್ಲ, ಅವರು ಕೊಡಿಸಿದ ಬೀರು ಖಾಲಿ ಇರುವುದಿಲ್ಲ, ಅವರು ಹಗ್ಗ ಹಿಡಿದು ತಂದ ಹಸು ಮೂರು ಹೊತ್ತೂ ಹಾಲು ಕೊಟ್ಟಿತು ಎಂದೆಲ್ಲ ಕಥೆ. ಮರ್ಫಿ ಟೌನಿನಿಂದ ಕೆ.ಆರ್. ಪುರದವರೆಗೆ ನಮ್ಮ ನೆಂಟರಿಷ್ಟರು ಒಂದು ಫ್ಯಾನು ಕೊಳ್ಳಬೇಕಾದರೂ ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಅವರೇ ಮುಟ್ಟಿ ತಂದು, ಅದೇ ತಿಂಗಳು ಕೆಟ್ಟ ಮಿಕ್ಸಿಗಳ ಲೆಕ್ಕ ಯಾರೂ ಇಡುತ್ತಿರಲಿಲ್ಲ. ಕೆಟ್ಟರೆ ‘ನೀವು ಸರಿಯಾಗಿ ಇಟ್ಕೊಳ್ಳಲಿಲ್ಲ’, ನಡೆದರೆ ಕೈಗುಣ. ಎಂಥ ಸುಖದ ಕೆಲಸ! ‘ಕೀಬೋರ್ಡ್ ನಾನೇ ಕೊಡಿಸ್ತೀನಿ, ನೀನ್ ತಲೆ ಕೆಡಿಸ್ಕೋಬೇಡ ಮಗಾ’ ಎಂದು ದೊಡ್ಡಪ್ಪ ನನ್ನ ಬೆನ್ನು ತಟ್ಟಿದರು.

ಶುಕ್ರವಾರ ಹೋಗುವುದೆಂದು ನಿಶ್ಚಯವಾಯಿತು. ಶುಕ್ರವಾರ ಹತ್ತೂವರೆಗೆ ರಾಹುಕಾಲ ಬರುತ್ತದೆ. ಶಿವಾಜಿನಗರದ ವಾದ್ಯಗಳ ಅಂಗಡಿ ತೆರೆಯುವುದೇ ಹತ್ತಕ್ಕೆ. ನಡುವೆ ಸಿಗುವುದು ಅರ್ಧ ಗಂಟೆ. ‘ಸಾಕಲ್ವಾ? ಅದೇನ್ ಮನೆ ತಗೊಳ್ತಿದೀವಾ?’ ಎಂದರು ದೊಡ್ಡಪ್ಪ. ನಾವು ಹೋಗಿ ನಿಂತಾಗ ಬಾಗಿಲು ಹಾಕಿತ್ತು. ಅಂಗಡಿಯ ಸಾಹೇಬರು ಬಂದು ಶಟರ್ ಎತ್ತುವ ಹೊತ್ತಿಗೆ ಹತ್ತೂಕಾಲು. ಇಸ್ತ್ರಿ ಹೊಡೆದ ಬಿಳಿ ಶರ್ಟಿನ ದೊಡ್ಡಪ್ಪ ಗಡಿಯಾರ ನೋಡಿಕೊಳ್ಳುತ್ತ ಶತಪಥ ಹಾಕುತ್ತಿದ್ದರು. ಅಮ್ಮ ಮೆಟ್ಟಿಲ ಹತ್ತಿರವೇ ನಿಂತಳು.

ಬ್ಯಾಂಡ್ ಸೆಟ್ಟಿನ ಡೋಲು, ತುತ್ತೂರಿ, ತಬಲಾಗಳ ನಡುವೆ ಗೋಡೆಗೆ ಒರಗಿಸಿದ ಕೀಬೋರ್ಡುಗಳಿದ್ದವು. ಸಾಹೇಬರು ಲೋಬಾನದ ಹೊಗೆ ಹಾಕುವುದರೊಳಗೆ ದೊಡ್ಡಪ್ಪ, ‘ಸಾಹೇಬ್ರೇ, ಇವತ್ತಿನ ಬೋಣಿ ನಮ್ಮದೇ’ ಎಂದರು. ದಿನದ ಮೊದಲ ವ್ಯಾಪಾರ ಕೈಗುಣದವರಿಂದ ಆದರೆ ಯಾವ ಅಂಗಡಿಯವನಿಗೆ ಸಂತೋಷವಾಗುವುದಿಲ್ಲ? ‘ನಿಮ್ ಕೈಯಿಂದಾನೇ ಆಗ್ಲಿ ಸಾರ್’ ಎಂದು ಅವರು ಎರಡು ಕೀಬೋರ್ಡ್ ತಂದು ಕೌಂಟರಿನ ಮೇಲಿಟ್ಟರು. ಎರಡಕ್ಕೂ ಒಂದೇ ಬೆಲೆ, ಎರಡಕ್ಕೂ ಪ್ಲಾಸ್ಟಿಕ್ ಹೊದಿಕೆ. ಒಂದರ ತುಂಬ ಬಣ್ಣದ ದೀಪ, ದೊಡ್ಡ ಸ್ಪೀಕರು, ನೂರಾರು ವಾದ್ಯಗಳ ಪಟ್ಟಿ. ಇನ್ನೊಂದು ಸಪ್ಪೆಯಾಗಿ ಧೂಳು ಹಿಡಿದು ಕೂತಿತ್ತು.

ನಾನು ಕೈ ಚಾಚಿದೆ. ‘ಹಾತ್ ನಕ್ಕೊ ಲಗಾವ್ ಬೇಟಿ, ಮುಟ್ಬೇಡ. ಪ್ಲಾಸ್ಟಿಕ್ ತೆಗೆದ್ರೆ ಹಳೇದು ಅಂತಾರೆ’ ಎಂದು ಸಾಹೇಬರು ನನ್ನ ಕೈಯನ್ನು ತಡೆದು, ತಾವೇ ಪ್ಲಾಸ್ಟಿಕ್ಕಿನ ಮೇಲಿಂದ ದೀಪದ ಕೀಬೋರ್ಡಿನ ಡೆಮೊ ಗುಂಡಿ ಒತ್ತಿದರು. ಅಬ್ಬಬ್ಬಾ! ಡ್ರಮ್ಮೇನು, ಪಿಟೀಲೇನು, ಮಿಣಮಿಣ ದೀಪಗಳೇನು! ದೊಡ್ಡಪ್ಪನ ಮುಖ ಅರಳಿಹೋಯಿತು. ಆ ಹಾಡನ್ನು ಒಂದು ಚಿಪ್ಪಿನೊಳಗೆ ಮೊದಲೇ ತುಂಬಿಸಿರುತ್ತಾರೆ, ಅದಕ್ಕೂ ಕೀಗಳಿಗೂ ಏನೂ ಸಂಬಂಧವಿಲ್ಲ ಎಂದು ನಾನು ಹೇಳಲು ಹೊರಟರೆ ಆ ಗದ್ದಲದಲ್ಲಿ ನನ್ನ ದನಿಯೇ ಕೇಳಿಸಲಿಲ್ಲ.

‘ಇದರಲ್ಲಿ ಟಚ್ ಇದೆಯಾ?’ ಎಂದು ಕೂಗಿಯೇ ಕೇಳಿದೆ.

ಸಾಹೇಬರು ನನ್ನ ಕಡೆ ತಿರುಗಲೂ ಇಲ್ಲ. ‘ಎಲ್ಲಾ ಇದೆ ಸಾರ್’ ಎಂದು ದೊಡ್ಡಪ್ಪನಿಗೆ ಉತ್ತರ ಕೊಟ್ಟರು. ಕೇಳಿದವಳು ನಾನು, ಬಾರಿಸುವವಳು ನಾನು, ಉತ್ತರ ಮಾತ್ರ ಪಕ್ಕದಲ್ಲಿ ನಿಂತ ಗಂಡಸಿಗೆ!

‘ಭಾವ, ಅವಳು ಒಂದ್ಸಲ ಒತ್ತಿ ನೋಡ್ಲಿ’ ಎಂದಳು ಅಮ್ಮ, ಮೆಟ್ಟಿಲ ಹತ್ತಿರದಿಂದ.

‘ನೀನ್ ಸುಮ್ನಿರಮ್ಮ, ಹತ್ತು ಇಪ್ಪತ್ತೈದು ಆಗೋಯ್ತು. ಇವಳು ಒಂದೊಂದೇ ಒತ್ತಿ ನೋಡೋಷ್ಟರಲ್ಲಿ ರಾಹುಕಾಲ ಬಂದು ಕೂತಿರುತ್ತೆ. ಕಮ್ಮಿ ಬೆಲೇದು ತಾನೇ, ಅದರಲ್ಲೇನ್ ನೋಡೋದು? ಹಾಕಿ ಸಾಹೇಬ್ರೇ ಡಬ್ಬಕ್ಕೆ’ ಎಂದರು ದೊಡ್ಡಪ್ಪ.

ಈ ಕೊನೆಯ ಮಾತಿಗೆ ಇವತ್ತಿಗೂ ನನಗೆ ಹೆಚ್ಚು ಸಿಟ್ಟು. ದುಬಾರಿ ಸಾಮಾನನ್ನು ಕಣ್ಣು ಮುಚ್ಚಿ ಕೊಂಡರೂ ನಡೆದೀತು, ಮಾಡಿದವನು ಎಲ್ಲಾ ಹಾಕಿರುತ್ತಾನೆ. ಕಡಿಮೆ ಬೆಲೆಯದರಲ್ಲಿ ಮಾಡಿದವನು ಏನನ್ನೋ ಬಿಟ್ಟೇ ಬಿಟ್ಟಿರುತ್ತಾನೆ. ಏನು ಬಿಟ್ಟಿದ್ದಾನೆ, ದೀಪ ಬಿಟ್ಟಿದ್ದಾನೋ ಕೀ ಬಿಟ್ಟಿದ್ದಾನೋ ಎಂದು ಬೆರಳಿಟ್ಟು ನೋಡದೆ ಹೇಗೆ ತಿಳಿಯುತ್ತದೆ? ಹತ್ತೂವರೆಗೆ ಎರಡು ನಿಮಿಷ ಇರುವಾಗ ಡಬ್ಬ ದೊಡ್ಡಪ್ಪನ ಕೈಗೆ ಬಂತು. ಅವರು ಯುದ್ಧ ಗೆದ್ದವರ ಹಾಗೆ ಆಟೋ ಕೂಗಿದರು.

ಮನೆಯಲ್ಲಿ ಪೂಜೆಯಾಯಿತು. ದೊಡ್ಡಮ್ಮ ಅರಿಶಿನ ಕುಂಕುಮವನ್ನು ನೀರಲ್ಲಿ ಕಲಸಿ ನಡುಮಧ್ಯದ ಬಿಳಿ ಕೀ ಮೇಲೆ ಧಾರಾಳವಾಗಿ ಇಟ್ಟಳು. ಅದು ಕೀಗಳ ಸಂದಿಗೆ ಇಳಿಯಿತು. ನಾನು ಹಲ್ಲು ಕಚ್ಚಿಕೊಂಡು ನಿಂತೆ. ದೊಡ್ಡಪ್ಪ ಅಕ್ಕಪಕ್ಕದವರನ್ನೆಲ್ಲ ಕರೆದು ಡೆಮೊ ಗುಂಡಿ ಒತ್ತಿದರು. ‘ತಾನೇ ಬಾರಿಸುತ್ತಲ್ಲೋ!’ ಎಂದು ಅಜ್ಜಿ ಬಾಯಿ ಮೇಲೆ ಬೆರಳಿಟ್ಟಳು. ‘ತಾನೇ ಬಾರಿಸೋದಾದ್ರೆ ಇವಳು ಯಾಕೆ ಕೂರ್ಬೇಕು? ಒಲೆ ಮುಂದೆ ಕಳಿಸಿ’ ಎಂದು ದೊಡ್ಡಮ್ಮ ನಗೆಯಾಡಿದಳು. ಎಲ್ಲರೂ ನಕ್ಕರು.

ಎಲ್ಲರೂ ಹೋದ ಮೇಲೆ ನಾನು ಕೂತೆ. ಒಂದು ಕೀಯನ್ನು ಮೆಲ್ಲಗೆ ಒತ್ತಿದೆ. ಅದನ್ನೇ ಜೋರಾಗಿ ಒತ್ತಿದೆ. ಸಿಟ್ಟಿನಿಂದ ಗುದ್ದಿದೆ. ಮೂರಕ್ಕೂ ಒಂದೇ ದನಿ, ಬಸ್ ಸ್ಟ್ಯಾಂಡಿನ ಮೈಕಿನ ಹಾಗೆ ಒಂದೇ ಸಮ. ಟಚ್ ಇರಲಿಲ್ಲ. ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಕೀಗಳು ಸಡಿಲವಾಗಿ ಅಕ್ಕಪಕ್ಕಕ್ಕೆ ಅಲ್ಲಾಡುತ್ತಿದ್ದವು. ಬೆರಳು ಕೀಯ ಒಳಭಾಗಕ್ಕೆ ಸ್ವಲ್ಪ ಸರಿದರೆ ಅದು ಕೆಳಕ್ಕೆ ಇಳಿಯುತ್ತಲೇ ಇರಲಿಲ್ಲ. ಇಳಿದದ್ದು ಮೇಲೆ ಬರಲು ಯೋಚನೆ ಮಾಡುತ್ತಿತ್ತು. ಕುಂಕುಮ ಇಟ್ಟಿದ್ದ ಕೀ ಆಗಲೇ ಅಂಟುತ್ತಿತ್ತು. ಇದರ ಮೇಲೆ ಎರಡು ತಿಂಗಳು ಅಭ್ಯಾಸ ಮಾಡಿದರೆ ಭಾರ ಹಾಕುವುದು ಬಿಡುವುದು ಎಲ್ಲ ನನ್ನ ತೋಳಿಗೆ ಮರೆತೇ ಹೋಗುತ್ತದೆ ಎಂದು ಹೆದರಿ ಸ್ವಿಚ್ ಆರಿಸಿದೆ.

ಮರುದಿನ ಧೈರ್ಯ ಮಾಡಿ, ಬದಲಾಯಿಸಿಕೊಂಡು ಬರೋಣ ಎಂದು ದೊಡ್ಡಪ್ಪನಿಗೆ ಹೇಳಿದೆ.

‘ಏನು? ಪೂಜೆ ಮಾಡಿ ಒಳಗ್ ಕರ್ಕೊಂಡ ಸರಸ್ವತೀನ ವಾಪಸ್ ಕಳಿಸ್ಬೇಕಾ? ಬುದ್ಧಿ ಇದೆಯಾ ನಿಂಗೆ? ಬೋಣಿ ಮಾಡಿದ ಸಾಮಾನು ಹಿಂದಕ್ ಕೊಟ್ರೆ ಅವನಿಗೂ ಕೆಟ್ಟದ್ದು, ನಮಗೂ ಕೆಟ್ಟದ್ದು’ ಎಂದು ಅವರು ಕೆಂಡಾಮಂಡಲವಾದರು.

‘ಅದರಲ್ಲಿ ಕಲಿಯೋಕಾಗಲ್ಲ ದೊಡ್ಡಪ್ಪ.’

‘ಬಾರ್ಸಕ್ ಬರ್ದೇ ಇದ್ರೆ ಸಾಮಾನಿನ್ ಮೇಲೆ ಹೇಳ್ಬಾರ್ದು’ ಎಂದರು.

ಅಪ್ಪನ ಮುಖ ನೋಡಿದೆ. ಅಪ್ಪ ಪೇಪರಿನ ಮುಖ ನೋಡುತ್ತಿದ್ದರು. ‘ಅಣ್ಣ ಹೇಳಿದ್ ಮೇಲೆ ಮುಗೀತಲ್ಲ’ ಎಂದರು. ಅಮ್ಮ ಒಳಗೆ ಹೊಲಿಗೆ ಯಂತ್ರವನ್ನು ಒಂದೇ ಸಮನೆ ತುಳಿಯುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳೆಂದು ನನಗೆ ಗೊತ್ತು.

ಭಾನುವಾರ ಮಿಸ್ ಅಮ್ಮನಿಗೆ ಹೋಗಿಬರುತ್ತೇನೆಂದು ಹೇಳಲು ಬಂದರು. ಚಕ್ಕುಲಿ ತಿಂದು ಕಾಫಿ ಕುಡಿದರು. ಎದ್ದು ಹೋಗುವ ಮುಂಚೆ ಕೀಬೋರ್ಡಿನ ಹತ್ತಿರ ಬಗ್ಗಿ ಒಂದು ಕೀಯನ್ನು ಮೆಲ್ಲಗೆ ಒತ್ತಿ, ಮತ್ತೆ ಜೋರಾಗಿ ಒತ್ತಿದರು. ಪಕ್ಕದಲ್ಲಿ ದೊಡ್ಡಪ್ಪ ‘ಹೇಗಿದೆ ಮೇಡಂ?’ ಎಂದು ನಗುತ್ತ ನಿಂತಿದ್ದರು. ‘ಲೈಟ್ಸ್ ಚೆನ್ನಾಗಿದೆ’ ಎಂದರು ಮಿಸ್. ಗೇಟಿನ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು, ‘ಚೈಲ್ಡ್, ಇದು ಆಟದ್ ಸಾಮಾನು. ಇದ್ರಲ್ಲಿ ಬಾರ್ಸೋಕಿಂತ ಬಾರ್ಸದೇ ಇರೋದು ವಾಸಿ. ಯಾರು ಸೆಲೆಕ್ಟ್ ಮಾಡಿದ್ದು? ನೀನಾ?’ ಎಂದು ಕೇಳಿದರು. ಅವರಿಗೆ ಹಾಗನ್ನಿಸಿತಲ್ಲ, ನಾನು ಆರಿಸಿದ್ದು ಎಂದು! ಅಲ್ಲೇ, ಅವರ ಆಟೋ ತಿರುವಿನಲ್ಲಿ ಮರೆಯಾಗುವ ಮೊದಲೇ, ನಾನು ತೀರ್ಮಾನ ಮಾಡಿದೆ.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ರಾಹುಕಾಲ. ಆ ಹೊತ್ತಿನಲ್ಲಿ ನಮ್ಮ ದೊಡ್ಡಪ್ಪ ಮನೆಗೆ ಬೆಂಕಿ ಬಿದ್ದರೂ ಹೊಸ್ತಿಲು ದಾಟುವವರಲ್ಲ. ಕೀಬೋರ್ಡನ್ನು ಡಬ್ಬಕ್ಕೆ ಹಾಕಿಕೊಂಡು, ಮಿಸ್ ಹತ್ತಿರ ಏನೋ ಕೇಳಿಕೊಳ್ಳಬೇಕು ಎಂದು ಹೇಳಿ ಹೊರಬಿದ್ದೆ. ಆಟೋದಲ್ಲಿ ಡಬ್ಬ ಎರಡೂ ಕಡೆ ಹೊರಗೆ ಚಾಚಿಕೊಂಡಿತ್ತು. ದಾರಿಯುದ್ದಕ್ಕೂ ಸಾಹೇಬರಿಗೆ ಏನೇನು ಹೇಳಬೇಕೆಂದು ಗಟ್ಟಿ ಮಾಡಿಕೊಂಡೆ.

ಅಂಗಡಿಯಲ್ಲಿ ಗಿರಾಕಿ ಅಂತ ಒಂದು ನರಪಿಳ್ಳೆಯೂ ಇರಲಿಲ್ಲ. ಸಾಹೇಬರು ಫ್ಯಾನಿನ ಕೆಳಗೆ ಪೇಪರ್ ಓದುತ್ತಿದ್ದರು.

‘ಅವತ್ತು ನಾನು ಟಚ್ ಇದೆಯಾ ಅಂತ ಕೇಳಿದ್ದಕ್ಕೆ ಎಲ್ಲಾ ಇದೆ ಅಂದ್ರಲ್ಲ, ಎಲ್ಲಿದೆ ತೋರ್ಸಿ’ ಎಂದು ಡಬ್ಬವನ್ನು ಕೌಂಟರಿನ ಮೇಲೆ ಇಟ್ಟೆ.

ಅವರು ಪೇಪರ್ ಮಡಿಸಿದರು. ‘ಕೂತ್ಕೋ ಬೇಟಿ. ಬೋಣಿ ಹೊತ್ತಲ್ಲಿ ಗಿರಾಕಿ ಮುಂದೆ ಇಲ್ಲ ಅನ್ನೋಕಾಗುತ್ತಾ? ಆ ಟೈಮಲ್ಲಿ ನೀನ್ ಆನೆ ಇದೆಯಾ ಅಂದಿದ್ರೂ ನಾನು ಇದೆ ಅಂತಿದ್ದೆ’ ಎಂದರು.

‘ನಿಮ್ ಬೋಣಿಗೆ ನನ್ನ ಕೆಲಸ ಹೋಗ್ಬೇಕಾ?’

‘ಕೋಪ ನಕ್ಕೊ ಕರೋ. ನಿಮ್ ದೊಡ್ಡಪ್ಪ ಗಡಿಯಾರ ನೋಡ್ತಾ ನಿಂತಿದ್ರು, ನಾನೇನ್ ಮಾಡ್ಲಿ? ಒತ್ತಿ ನೋಡೋರು ಈ ಹೊತ್ತಲ್ಲಿ ಬರ್ಬೇಕು. ನಿಮ್ಮೋರು ಯಾರೂ ಈಗ ಬರಲ್ಲ. ಅಂಗಡಿ ಖಾಲಿ. ನೋಡು, ಎಷ್ಟ್ ಬೇಕೋ ಅಷ್ಟು ನೋಡು’ ಎಂದು ಎದ್ದು, ಧೂಳು ಹಿಡಿದಿದ್ದ ಆ ಸಪ್ಪೆ ಕೀಬೋರ್ಡಿನ ಪ್ಲಾಸ್ಟಿಕ್ಕನ್ನು ತಾವೇ ಹರಿದರು.

ಆಮೇಲೆ ನಾನು ಆತುರಪಡಲಿಲ್ಲ. ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ ಬಾರಿಸಿದೆ. ಬರೀ ಪ್ಲಾಸ್ಟಿಕ್ಕಿನ ಸದ್ದು ಎಷ್ಟಿದೆ ಎಂದು ಆಗ ಗೊತ್ತಾಗುತ್ತದೆ. ನಾನು ವಾಪಸ್ ತಂದದ್ದರಲ್ಲಿ ಅದು ಕಟಕಟ ಎನ್ನುತ್ತಿತ್ತು, ಇದರಲ್ಲಿ ಮೆತ್ತಗಿತ್ತು. ಬಗ್ಗಿ ಕಣ್ಣನ್ನು ಕೀಗಳ ಮಟ್ಟಕ್ಕೆ ತಂದು ಎಲ್ಲ ಒಂದೇ ಸಮ ಇವೆಯೇ ಎಂದು ನೋಡಿದೆ. ಒಂದೊಂದನ್ನೂ ಹಿಡಿದು ಅಲ್ಲಾಡಿಸಿದೆ. ಕೀಯ ತುದಿಯಲ್ಲಿ ಒತ್ತಿದೆ, ಕಪ್ಪು ಕೀಗಳ ನಡುವಿನ ಒಳಭಾಗದಲ್ಲಿ ಒತ್ತಿದೆ. ಅಲ್ಲಿ ಸ್ವಲ್ಪ ಬಿಗಿ, ಆದರೆ ಇಳಿಯುತ್ತಿತ್ತು. ಒಂದೇ ಕೀಯನ್ನು ಎರಡು ಬೆರಳಲ್ಲಿ ಸರಸರನೆ ಬಾರಿಸಿದರೆ ಪ್ರತಿ ಸಲವೂ ಎದ್ದು ಬಂದು ಬೆರಳಿಗೆ ತಾಗುತ್ತಿತ್ತು. ವಾಲ್ಯೂಮ್ ಏರಿಸಿ, ಎರಡೂ ಅಂಗೈಯಿಂದ ಒಂದಷ್ಟು ಕೀಗಳನ್ನು ಒಂದರ ಹಿಂದೊಂದು ಅದುಮಿ ಹಿಡಿದು, ಮೊದಲು ಒತ್ತಿದ ಸ್ವರ ನಡುವೆ ಸತ್ತುಹೋಗುತ್ತದೆಯೇ ಎಂದು ಕಿವಿಗೊಟ್ಟೆ. ಕೊನೆಗೆ ತೋಳಿನ ಭಾರವನ್ನೆಲ್ಲ ಹಿಡಿದುಕೊಂಡು ಒಂದು ಕೀಯನ್ನು ಮೆಲ್ಲಗೆ ಮುಟ್ಟಿದೆ. ಪಿಸುಮಾತು. ಭಾರ ಬಿಟ್ಟೆ. ಆ ಖಾಲಿ ಅಂಗಡಿ ತುಂಬಿಹೋಯಿತು. ಪಿಯಾನೋ ಅಲ್ಲ, ಅದರ ಕೀಯ ತೂಕವೂ ಇಲ್ಲ, ಒಳಗಿರುವುದು ಬರೀ ಸ್ಪ್ರಿಂಗು. ಆದರೂ ಕೈ ಕೇಳಿದ್ದನ್ನು ಕೊಡುತ್ತಿತ್ತು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಶುಕ್ರವಾರ ಇದೇ ಕೌಂಟರಿನ ಮೇಲೆ, ಇದೇ ಬೆಲೆಗೆ, ಒಂದು ಮೊಳ ದೂರದಲ್ಲಿ ಇದು ಬಿದ್ದಿತ್ತಲ್ಲ!

‘ಇದು ಯಾಕೆ ಧೂಳು ಹಿಡಿದಿದೆ?’ ಎಂದು ಕೇಳಿದೆ.

‘ವರ್ಷ ಆಯ್ತು ಬಂದು, ಯಾರಿಗೂ ಬೇಡ. ಲೈಟ್ ಇಲ್ಲ, ಡೆಮೊ ಸಪ್ಪೆ. ನೀನ್ ತಂದಿರೋದು ನಾಳೆ ಹೋಗುತ್ತೆ ನೋಡು’ ಎಂದು ಸಾಹೇಬರು ಒದ್ದೆ ಬಟ್ಟೆಯಿಂದ ನಮ್ಮ ಕುಂಕುಮವನ್ನು ಒರೆಸತೊಡಗಿದರು. ಇದನ್ನು ಕೊಟ್ಟು ಅದನ್ನು ತೆಗೆದುಕೊಳ್ಳುವುದಕ್ಕೆ ಅವರು ಯಾವ ತಕರಾರೂ ಮಾಡಲಿಲ್ಲ. ಅವರಿಗೇ ಲಾಭದ ವ್ಯಾಪಾರ. ಒಂದು ಊರಿನಲ್ಲಿ ಒಳ್ಳೆಯ ವಾದ್ಯ ಧೂಳು ತಿನ್ನುತ್ತ ಕೂರುವುದು, ಆಟದ ಸಾಮಾನು ಬಂದ ದಿನವೇ ಮಾರಿಹೋಗುವುದು! ಎಷ್ಟು ಮನೆಗಳಲ್ಲಿ ಎಷ್ಟು ಮಕ್ಕಳಿಗೆ ‘ನಿಂಗೆ ಬಾರ್ಸಕ್ ಬರಲ್ಲ’ ಎಂದು ಬೈದು ಮೂಲೆಗೆ ಕೂರಿಸಿರಬಹುದು ಎಂದು ಆಟೋದಲ್ಲಿ ಕೂತು ಕುದಿದೆ.

ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನ್ನ ಕೋಣೆಯಲ್ಲಿ ಅಮ್ಮನ ಹೊಲಿಗೆ ಯಂತ್ರದ ಪಕ್ಕದಲ್ಲಿ ಟವೆಲ್ ಹೊದಿಸಿ ಇಟ್ಟೆ. ರಾಹುಕಾಲ, ಬೋಣಿ, ಪೂಜೆ ಎಂದು ಅಷ್ಟೆಲ್ಲ ಕುಣಿದಾಡಿದ ದೊಡ್ಡಪ್ಪ ಒಂದು ದಿನವೂ ಆ ಟವೆಲ್ ಎತ್ತಿ ನೋಡಲಿಲ್ಲ. ಏಪ್ರಿಲ್, ಮೇ ಎರಡೂ ತಿಂಗಳು ಸೆಖೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಬಾರಿಸಿದೆ. ಅಮ್ಮ ಪಕ್ಕದಲ್ಲೇ ರವಿಕೆ ಹೊಲಿಯುತ್ತಿದ್ದಳು. ನಾನು ಮೆಲ್ಲಗೆ ಬಾರಿಸುವಾಗ ಯಂತ್ರದ ಪೆಡಲನ್ನು ತಾನಾಗಿಯೇ ನಿಲ್ಲಿಸುತ್ತಿದ್ದಳು.

ಶಾಲೆಯವರು ಕರೆದರು. ಹಾಲಿನಲ್ಲಿ ಮಿಸ್ ಮಕ್ಕಳ ಹಾಡಿಗೆ ಬಾರಿಸುತ್ತಿದ್ದ ಶಾಲೆಯ ಪಿಯಾನೋ, ಎದುರಿಗೆ ಹೆಡ್ಮಿಸ್ಟ್ರೆಸ್ ಮತ್ತು ಇನ್ನಿಬ್ಬರು. ನನಗಿಂತ ಮುಂಚೆ ಬಾರಿಸಿದವರ ಬೆರಳು ನನ್ನವಕ್ಕಿಂತ ಎಷ್ಟೋ ಚುರುಕು. ನನ್ನ ಸರದಿಗೂ ಹೆಡ್ಮಿಸ್ಟ್ರೆಸ್, ಮುಂಚಿನವರ ಜೊತೆ ಹಾಡಿದ್ದ ಆಯಾಳ ಪುಟ್ಟ ಮಗಳನ್ನೇ ಕರೆದು ನಿಲ್ಲಿಸಿ, ‘ಇವಳು ಹಾಡ್ತಾಳೆ, ನೀವು ಜೊತೆಗೆ ಬಾರಿಸಿ’ ಎಂದರು. ಮಗುವಿನ ದನಿ ದಾರದ ಎಳೆಯಷ್ಟು ಸಣ್ಣ. ನಾನು ತೋಳಿನ ಭಾರವನ್ನೆಲ್ಲ ಎತ್ತಿ ಹಿಡಿದುಕೊಂಡು ಅವಳ ದನಿಯ ಕೆಳಗೇ ಬಾರಿಸುತ್ತ ಹೋದೆ. ಅವಳಿಗೆ ಧೈರ್ಯ ಬಂದು ದನಿ ಏರಿಸಿದ ಹಾಗೆ ನಾನೂ ಏರಿದೆ. ಹಾಡು ಮುಗಿದಾಗ ಹೆಡ್ಮಿಸ್ಟ್ರೆಸ್, ‘ಮುಂಚೆ ಬಾರಿಸಿದವರ ಜೊತೆ ಇವಳು ಹಾಡಿದ್ದೇ ಕೇಳಿಸಲಿಲ್ಲ’ ಎಂದರು. ಕೆಲಸ ಸಿಕ್ಕಿತು.

ಆ ಭಾನುವಾರ ಮನೆಯಲ್ಲಿ ಒಬ್ಬಟ್ಟಿನ ಊಟ. ದೊಡ್ಡಪ್ಪ ಎಲೆಯ ಮುಂದೆ ಕೂತು ನೆಂಟರಿಗೆಲ್ಲ ಹೇಳತೊಡಗಿದರು: ‘ಶುಕ್ರವಾರ, ಬೋಣಿ ಹೊತ್ತು, ರಾಹುಕಾಲಕ್ಕೆ ಎರಡ್ ನಿಮಿಷ ಮುಂಚೆ ಸಾಮಾನು ನನ್ನ ಕೈಲಿತ್ತು. ಮುಟ್ಟಿದ್ದು ಯಾವತ್ತಾದ್ರೂ ಸುಳ್ಳಾಗಿದೆಯಾ? ನೋಡಿ, ಕೆಲಸ ಬಂದ್ಬಿಡ್ತು.’

ನನ್ನ ಕೋಪ ನೆತ್ತಿಗೇರಿತು. ‘ನೀವ್ ತಂದಿದ್ದು ಈ ಮನೇಲಿಲ್ಲ ದೊಡ್ಡಪ್ಪ’ ಎಂದೆ. ಎಲ್ಲರ ಕೈ ಎಲೆಯ ಮೇಲೆ ನಿಂತಿತು. ಒಂದೂ ಬಿಡದೆ ಹೇಳಿದೆ. ಮಂಗಳವಾರ ಹೋದದ್ದು, ರಾಹುಕಾಲದಲ್ಲೇ ಕೂತು ಒಂದೊಂದು ಕೀ ಒತ್ತಿ ನೋಡಿದ್ದು, ಬದಲಾಯಿಸಿ ತಂದದ್ದು. ‘ಕೈಗುಣ ಅಲ್ಲ, ನಾನು ಇಷ್ಟ್ ವರ್ಷ ಕಲ್ತಿದೀನಿ’ ಎಂದು ಕೂಗಿದೆ.

ಮನೆ ಎರಡಾಗುತ್ತದೆ, ದೊಡ್ಡಪ್ಪ ಎದ್ದು ಹೋಗುತ್ತಾರೆ ಎಂದುಕೊಂಡೆ. ಆಗ ಅಜ್ಜಿ ಬಾಯಿ ತೆರೆದಳು. ‘ರಾಹುಕಾಲದಲ್ಲಿ ತಂದಿದ್ದೂ ಒಳ್ಳೇದೇ ಮಾಡ್ತು ಅಂದ್ರೆ, ಹಾಗಾದ್ರೆ ಕೈಗುಣ ಇರೋದು ಇವಳಿಗೆ ಕಣೋ!’ ಎಂದಳು. ಎಲ್ಲರ ಮುಖವೂ ಹಗುರಾಯಿತು. ‘ಇರಲ್ವಾ ಮತ್ತೆ? ನಮ್ಮ ರಕ್ತ ತಾನೇ’ ಎಂದು ದೊಡ್ಡಪ್ಪನೂ ನಕ್ಕು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರು. ದೊಡ್ಡಮ್ಮ ಅಲ್ಲೇ, ಗುರುವಾರ ಗ್ರೈಂಡರ್ ತರಲು ನೀನೇ ಬರಬೇಕು, ನೀನು ಸುಮ್ಮನೆ ಮುಟ್ಟಿದರೆ ಸಾಕು ಎಂದಳು. ಅಪ್ಪ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ನನ್ನ ಕಿವಿ, ನನ್ನ ತೋಳು, ಕಾಕ್ಸ್ ಟೌನಿನ ಅಷ್ಟೂ ಶನಿವಾರಗಳು, ಎಲ್ಲವನ್ನೂ ಒಂದು ಒಬ್ಬಟ್ಟು ತಿನ್ನುವಷ್ಟರಲ್ಲಿ ಅದೃಷ್ಟದ ಲೆಕ್ಕಕ್ಕೆ ಬರೆದುಬಿಟ್ಟರು. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಎಲೆ ಬಿಟ್ಟು ಎದ್ದು ಕೋಣೆಗೆ ಹೋದೆ.

ಅಮ್ಮ ಹಿಂದೆಯೇ ಬಂದಳು. ಸೆರಗಿಗೆ ಕೈ ಒರೆಸಿಕೊಂಡು ಬಾಗಿಲು ಮುಂದಕ್ಕೆ ಎಳೆದಳು. ಸಮಾಧಾನ ಹೇಳುತ್ತಾಳೆಂದುಕೊಂಡೆ. ಅವಳು ಟವೆಲ್ ತೆಗೆದು ಕೀಬೋರ್ಡಿನ ಮುಂದೆ ಸ್ಟೂಲ್ ಎಳೆದುಕೊಂಡು ಕೂತಳು.

‘ಎಲ್ಲಿ, ಅವತ್ತು ಏನ್ ನೋಡ್ದೆ ಅಂಗಡೀಲಿ? ನಂಗೂ ತೋರ್ಸು’ ಎಂದಳು.

ಅದುವರೆಗೆ ಆ ಮನೆಯಲ್ಲಿ ಯಾರೂ ಆ ಮಾತು ಕೇಳಿರಲಿಲ್ಲ. ಮೊದಲು ಮೆಲ್ಲಗೆ ಒತ್ತಮ್ಮಾ, ಆಮೇಲೆ ಜೋರಾಗಿ ಒತ್ತು ಎಂದೆ. ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದ ತೋರುಬೆರಳಿನಿಂದ ಅವಳು ಒಂದು ಕೀ ಮುಟ್ಟಿದಳು. ಕೇಳಿಸಿತೋ ಇಲ್ಲವೋ ಎಂಬಷ್ಟು ದನಿ. ಮತ್ತೆ ಒತ್ತಿದಳು, ದೊಡ್ಡದಾಯಿತು. ಮತ್ತೆ ಮೆಲ್ಲಗೆ. ಮತ್ತೆ ಜೋರಾಗಿ. ಹೊರಗೆ ದೊಡ್ಡಪ್ಪ ಗ್ರೈಂಡರ್ ತರಲು ಒಳ್ಳೆಯ ಹೊತ್ತು ಯಾವುದೆಂದು ಹೇಳುತ್ತಿದ್ದರು.

‘ಈ ಮನೆಗೆ ಬಂದು ಇಷ್ಟ್ ವರ್ಷ ಆಯ್ತು. ನಾನ್ ಹೇಳಿದ್ದನ್ನ ಹೇಳಿದ್ ಹಾಗೇ ಕೇಳಿದ್ದು ಇದೊಂದೇ ಕಣೇ’ ಎಂದಳು ಅಮ್ಮ. ಅಷ್ಟು ಹೇಳಿ, ಹೊರಗಿನವರಿಗೆಲ್ಲ ಕೇಳಿಸುವ ಹಾಗೆ ಇನ್ನೊಂದು ಸಲ ಒತ್ತಿದಳು.